ತಲೆ ಮುಟ್ಟುವ ಕೈ

“ಗುರುಗಳೇ, ಸಭೆಯಲ್ಲಿ ಮಾತನಾಡುವ ಮಗು ತಡವರಿಸಿದರೆ ನಾನು ಹಿಂದಿನಿಂದ ಮುಂದಿನ ಪದ ಹೇಳಿಕೊಡುತ್ತೇನೆ. ಅದು ತಪ್ಪೇ?” ಎಂದು ನೀಲಾಂಬಿಕೆ ಕೇಳಿದಳು.

ಅವಳು ಮಠದ ಶಾಲೆಯಲ್ಲಿ ಮಕ್ಕಳಿಗೆ ಭಾಷಣ ಕಲಿಸುವ ಶಿಷ್ಯೆ. ಹಿಂದಿನ ದಿನದ ಸಭೆಯಲ್ಲಿ ಅವಳು ಆರು ಸಲ ಪದ ಹೇಳಿಕೊಟ್ಟಿದ್ದಳು. ಆರೂ ಸಲ ಅದು ಗುರುಗಳ ಕಿವಿಗೆ ಬಿದ್ದಿತ್ತು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಗಣಿ ಮುಚ್ಚಿಹೋದ ಒಂದು ಊರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ದೊರೆಗಳ ಕ್ಲಬ್ಬಿನಲ್ಲಿ ಜಾಜ್ ಎಂಬ ಸಂಗೀತ ನಡೆಯುತ್ತಿತ್ತು. ಬಾಗಿಲಾಚೆ ನಿಂತು ಕೇಳಿದ ಕೆಲಸಗಾರರು ಅದನ್ನು ಕಲಿತರು. ದೊರೆಗಳು ಹೋದರು, ಗಣಿಯೂ ಹೋಯಿತು, ಸಂಗೀತ ಮಾತ್ರ ಊರಲ್ಲೇ ಉಳಿಯಿತು. ವಾದ್ಯ ಊದುತ್ತಿದ್ದವರಿಗೆ ವಯಸ್ಸಾಗಿ ಉಸಿರು ಸಾಲದಾದಾಗ ಒಬ್ಬ ಮೇಷ್ಟ್ರು ಊರಿನ ಮಕ್ಕಳಿಗೆ ಅದನ್ನು ಕಲಿಸಲು ನಿಂತರು. ಒಬ್ಬ ಅಮ್ಮನವರು ಮೇಷ್ಟ್ರ ಬೆನ್ನಿಗೆ ನಿಂತರು.

ಅಮ್ಮನವರು ಆ ಊರಿನಲ್ಲಿ ಮೊದಲು ಬಿ.ಎ. ಮಾಡಿದ ಹೆಂಗಸು. ಕಾರ್ಮಿಕರ ಸಂಘದವರ ಮನವೊಲಿಸಿ ಸಂಘದ ಸಭಾಂಗಣವನ್ನು ಪಾಠಕ್ಕೆ ಬಿಡಿಸಿಕೊಟ್ಟರು. ಮನೆಮನೆಗೆ ಹೋಗಿ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ವಾದ್ಯಗಳನ್ನು ಇಳಿಸಿ ತಂದರು. ಪ್ರತಿ ಪಾಠದ ದಿನವೂ ಮೂಲೆಯ ಕುರ್ಚಿಯಲ್ಲಿ ಕೂತು, ಯಾರು ಬಂದರು, ಯಾರು ಎಷ್ಟು ನುಡಿಸಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು.

ಆ ಸಂಗೀತಕ್ಕೆ ಒಂದು ಪದ್ಧತಿಯಿದೆ. ಮೊದಲು ಎಲ್ಲರೂ ಸೇರಿ ಒಂದು ಹಾಡು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ಸರದಿ ಬರುತ್ತದೆ. ಸರದಿ ಬಂದವರು ಅದೇ ಹಾಡಿನ ಸುತ್ತಿನ ಮೇಲೆ ಆ ಹೊತ್ತಿಗೆ ಮನಸ್ಸಿಗೆ ಬಂದದ್ದನ್ನು ನುಡಿಸಬೇಕು. ಹಾಡು ಮೊದಲಿಂದ ಕೊನೆಯವರೆಗೆ ಒಮ್ಮೆ ಹೋದರೆ ಒಂದು ಸುತ್ತು. ಬರೆದದ್ದಿಲ್ಲ, ಬಾಯಿಪಾಠವಿಲ್ಲ. ಉಳಿದವರು ಕೆಳಗೆ ತಾಳ ಹಿಡಿದು ನಿಲ್ಲಬೇಕು. ಹೇಳುವುದು ಮುಗಿದಾಗ ಸರದಿಯವರು ಕೈಯೆತ್ತಿ ತಮ್ಮ ತಲೆ ಮುಟ್ಟುತ್ತಾರೆ. ಮತ್ತೆ ಹಾಡಿನ ತಲೆಗೆ ಹೋಗೋಣ ಎಂದು ಅದರ ಅರ್ಥ. ಎಲ್ಲರೂ ಕೂಡಿ ಹಾಡಿಗೆ ಮರಳುತ್ತಾರೆ.

ಈ ಮೇಷ್ಟ್ರು ಹುಡುಗರಾಗಿದ್ದಾಗ ಒಂದು ಕ್ರಿಸ್‌ಮಸ್ಸಿನ ದಿನ ತಮ್ಮ ಸರದಿಯ ನಡುವೆ ನಿಂತುಬಿಟ್ಟಿದ್ದರು. ಊದಲು ಏನೂ ಹೊಳೆದಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಮಿಯಾವ್ ಎಂದರು. ಸಭೆಯೆಲ್ಲ ನಕ್ಕಿತು. ಮೂವತ್ತು ವರ್ಷ ಕಳೆದರೂ ಆ ಬೆಕ್ಕು ಅವರ ಕಿವಿ ಬಿಟ್ಟು ಹೋಗಿರಲಿಲ್ಲ. ತಮ್ಮ ಬಳಿ ಕಲಿಯುವ ಮಕ್ಕಳಿಗೆ ಆ ಸದ್ದು ಕೇಳಿಸಕೂಡದು ಎಂದು ಅವರು ನಿಶ್ಚಯಿಸಿದ್ದರು.

ಆದ್ದರಿಂದ ಮಗುವಿನ ಸ್ವರ ಸ್ವಲ್ಪ ಅಲುಗಿದರೂ ಸಾಕು, ಎದುರಿಗೆ ಕೂತ ಮೇಷ್ಟ್ರು ತಾವೇ ತಲೆ ಮುಟ್ಟುತ್ತಿದ್ದರು. ಎಲ್ಲರೂ ತಟ್ಟನೆ ಹಾಡಿಗೆ ಮರಳುತ್ತಿದ್ದರು. ತಪ್ಪು ಮುಚ್ಚಿಹೋಗುತ್ತಿತ್ತು. ಮಕ್ಕಳು ಮೇಷ್ಟ್ರನ್ನು ಬಹಳ ಪ್ರೀತಿಸುತ್ತಿದ್ದರು. ಸರದಿ ಬಂದೊಡನೆ ಅವರ ಕಣ್ಣು ಮೇಷ್ಟ್ರ ಬಲಗೈಗೆ ಅಂಟಿಕೊಳ್ಳುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಸಂಘದ ಸಭಾಂಗಣವನ್ನು ಗೋದಾಮಿಗೆ ಕೇಳಿದ. ಸಂಘದ ಅಧ್ಯಕ್ಷರು ಮೇಷ್ಟ್ರನ್ನು ಕರೆಸಿದರು.

“ನಮ್ಮಪ್ಪನ ಸರದಿ ಶುರುವಾದಾಗ ಒಲೆಯ ಮೇಲೆ ಅಕ್ಕಿ ಇಟ್ಟರೆ, ಅವರು ಮುಗಿಸುವ ಹೊತ್ತಿಗೆ ಅನ್ನ ಬೆಂದಿರುತ್ತಿತ್ತು ಮೇಷ್ಟ್ರೇ. ನಿಮ್ಮ ಮಕ್ಕಳು ಒಂದು ಸೀನು ಸೀನಿದ ಹಾಗೆ ಊದಿ ಕೂತುಬಿಡುತ್ತವೆ. ಬರುವ ಭಾನುವಾರ ಸಂಘದವರೆಲ್ಲ ಬಂದು ಕೇಳುತ್ತೇವೆ. ಕಲಿತಿದ್ದಾರೆ ಅನ್ನಿಸಿದರೆ ಸಭಾಂಗಣ ಮಕ್ಕಳಿಗೆ. ಇಲ್ಲವಾದರೆ ಅಕ್ಕಿ ಮೂಟೆಗೆ.”

ಮೇಷ್ಟ್ರು ಬಾಡಿದ ಮುಖ ಹೊತ್ತು ಅಮ್ಮನವರಲ್ಲಿಗೆ ಬಂದರು. ಅಮ್ಮನವರು ನೋಟ್‌ಬುಕ್ಕು ತೆಗೆದು ಹಾಳೆ ತಿರುವಿದರು.

“ಎರಡು ವರ್ಷದಿಂದ ಬರೆದಿದ್ದೇನೆ. ಯಾರ ಸರದಿಯೂ ಮೂರು ಸುತ್ತು ದಾಟಿಲ್ಲ.”

“ಇನ್ನೂ ಮಕ್ಕಳಲ್ಲವೇ ಅಮ್ಮ?”

“ನಾನು ಬರೆದಿಟ್ಟದ್ದು ಮಕ್ಕಳ ಲೆಕ್ಕ ಅಂದುಕೊಂಡಿದ್ದೆ. ಈಗ ನೋಡಿದರೆ ಇದು ನಿಮ್ಮ ಕೈಯ ಲೆಕ್ಕ.”

ಮೇಷ್ಟ್ರಿಗೆ ನೋವಾಯಿತು. ನೀರಿಗೆ ಬಿದ್ದವರತ್ತ ಕೈ ಚಾಚುವುದೂ ಅಪರಾಧವೇ ಎಂದುಕೊಂಡರು. ಆದರೂ ಭಾನುವಾರ ಕೈ ಎತ್ತುವುದಿಲ್ಲ ಎಂದು ಅಮ್ಮನವರಿಗೆ ಮಾತು ಕೊಟ್ಟರು.

ಭಾನುವಾರ ಸಂಜೆ ನಾಲ್ಕಕ್ಕೆ ಸಭಾಂಗಣ ತುಂಬಿತು. ಸಂಘದವರು ಎದುರಿನ ಸಾಲಿನಲ್ಲಿ ಕೂತರು. ಅಕ್ಕಿ ವ್ಯಾಪಾರಿಯೂ ಬಂದು, ಗೋಡೆಯ ಉದ್ದ ಅಗಲಗಳ ಮೇಲೆ ಕಣ್ಣಾಡಿಸುತ್ತ ನಿಂತ. ಬಂದವರಿಗೆಂದು ತರಿಸಿದ ಚಹಾದ ಫ್ಲಾಸ್ಕು, ಬೋಂಡದ ತಟ್ಟೆಗಳು ಅಮ್ಮನವರ ಬಳಿಯಿದ್ದವು. ಮೇಷ್ಟ್ರು ಅವರ ಪಕ್ಕದಲ್ಲಿ ಕೂತರು. ಹಾಡು ಚೆನ್ನಾಗಿ ಎದ್ದಿತು. ಮೊದಲ ಸರದಿ ಸೆಲೀನಾ ಎಂಬ ಹುಡುಗಿಯದು. ಅವಳ ಕೈಯಲ್ಲಿ ತಾತನ ಕಾಲದ ಸ್ಯಾಕ್ಸೋಫೋನ್ ಇತ್ತು.

ಮೊದಲ ಸುತ್ತು ಸರಿಯಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯ ಸುತ್ತಿನಲ್ಲಿ ಅವಳ ಸ್ವರ ಒಡೆಯಿತು. ಅವಳು ಮೇಷ್ಟ್ರತ್ತ ನೋಡಿದಳು. ಕೊಟ್ಟ ಮಾತು ಮೇಷ್ಟ್ರಿಗೆ ನೆನಪಿತ್ತು, ಆದರೆ ಅವರ ಬಲಗೈಗೆ ನೆನಪಿರಲಿಲ್ಲ. ಅದು ತೊಡೆಯಿಂದ ಎದ್ದಿತು.

ಆ ಕೈಯಲ್ಲಿ ಅಮ್ಮನವರು ಒಂದು ಲೋಟ ಚಹಾ ಇಟ್ಟರು. ಲೋಟ ಕಂಠದವರೆಗೆ ತುಂಬಿತ್ತು. ಎಡಗೈಯಲ್ಲಿ ಬೋಂಡದ ತಟ್ಟೆ ಇಟ್ಟರು.

“ಅಮ್ಮ, ಈಗ ಬೇಡ” ಎಂದು ಮೇಷ್ಟ್ರು ಪಿಸುಗುಟ್ಟಿದರು.

“ಅಲುಗಾಡಬೇಡಿ. ಕುದಿಯುವ ಚಹಾ. ಪಕ್ಕದಲ್ಲಿರುವುದು ನನ್ನ ರೇಷ್ಮೆ ಸೀರೆ.”

ಮೇಷ್ಟ್ರು ಎರಡೂ ಕೈ ತುಂಬಿಕೊಂಡು ಕಲ್ಲಾಗಿ ಕೂತರು. ಹುಡುಗಿ ನೋಡಿಯೇ ನೋಡಿದಳು. ಕೈ ಏಳಲಿಲ್ಲ. ಅವಳು ಊದುವುದನ್ನು ನಿಲ್ಲಿಸಿದಳು. ಒಂದಿಡೀ ಸುತ್ತು ಅವಳ ಜಾಗ ಖಾಲಿ ಹೋಯಿತು. ಮೇಷ್ಟ್ರು ಹಿಂದಿನ ಬೆಂಚಿನಿಂದ ಬೆಕ್ಕು ಕೂಗುವುದನ್ನೇ ಕಾಯುತ್ತಿದ್ದರು. ಬೆರಳು ಸುಡುತ್ತಿದ್ದದ್ದು ಅವರಿಗೆ ತಿಳಿಯಲೇ ಇಲ್ಲ.

ಬೆಕ್ಕು ಕೂಗಲಿಲ್ಲ. ಕೇಳಿಸಿದ್ದು ಡ್ರಮ್ಮು. ಡ್ರಮ್ಮಿನವನು ತಾಳ ಬಿಟ್ಟಿರಲಿಲ್ಲ. ಪಿಯಾನೋದವಳೂ ಬಿಟ್ಟಿರಲಿಲ್ಲ. ಅದುವರೆಗೆ ಆ ಸದ್ದನ್ನು ಸೆಲೀನಾ ಕೇಳಿಯೇ ಇರಲಿಲ್ಲ. ಅವಳ ಗಮನವೆಲ್ಲ ಒಂದು ಕೈಯ ಮೇಲಿರುತ್ತಿತ್ತು. ಅವಳು ತಲೆ ತಗ್ಗಿಸಿ ಅದನ್ನು ಕೇಳಿದಳು. ಒಂದು ಸಣ್ಣ ಸ್ವರ ಊದಿದಳು. ಮತ್ತೊಮ್ಮೆ ಊದಿದಳು. ಅದಕ್ಕೆ ಡ್ರಮ್ಮು ಉತ್ತರ ಕೊಟ್ಟಿತು. ಅವಳು ಡ್ರಮ್ಮಿಗೆ ಮರು ಉತ್ತರ ಕೊಟ್ಟಳು. ಐದು ಸುತ್ತಾಯಿತು, ಎಂಟಾಯಿತು, ಹನ್ನೊಂದಾಯಿತು. ಎದುರಿನ ಸಾಲಿನಲ್ಲಿ ಅಧ್ಯಕ್ಷರು ಚಪ್ಪಲಿ ಕಳಚಿ ಬರಿಗಾಲಿನಲ್ಲಿ ತಾಳ ಹಾಕತೊಡಗಿದರು. ಹೇಳುವುದೆಲ್ಲ ಮುಗಿದ ಮೇಲೆ ಹುಡುಗಿ ತಾನೇ ಕೈಯೆತ್ತಿ ತನ್ನ ತಲೆ ಮುಟ್ಟಿದಳು.

ಮೇಷ್ಟ್ರ ಎದೆಯಿಂದ ಮೂವತ್ತು ವರ್ಷದ ಉಸಿರು ಹೊರಗೆ ಬಂತು. ಚಹಾ ಆರಿಹೋಗಿತ್ತು. ಅದನ್ನೇ ಒಂದೇ ಗುಟುಕಿಗೆ ಕುಡಿದರು. ಅಂಥ ರುಚಿಯ ಚಹಾ ಅವರು ಅದುವರೆಗೆ ಕುಡಿದಿರಲಿಲ್ಲ. ಅಧ್ಯಕ್ಷರು ಎದ್ದು ನಿಂತು, ವ್ಯಾಪಾರಿಯತ್ತ ತಿರುಗಿ, “ನಿಮ್ಮ ಮೂಟೆಗೆ ಬೇರೆ ಜಾಗ ನೋಡಿಕೊಳ್ಳಿ” ಎಂದರು. ವ್ಯಾಪಾರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಅವನು ಮೇಷ್ಟ್ರ ತಟ್ಟೆಯಿಂದ ಒಂದು ಬೋಂಡ ತೆಗೆದುಕೊಂಡು ಮುಂದಿನ ಸರದಿ ಕೇಳಲು ಕೂತ.

ಗುರುಗಳು ಕತೆ ನಿಲ್ಲಿಸಿದರು.

ನೀಲಾಂಬಿಕೆಯ ಮನಸ್ಸೂ ಹಗುರವಾಯಿತು. ಆದರೆ ಒಂದು ಅಳುಕು ಉಳಿದಿತ್ತು. “ಸದ್ಯ, ಆ ಹುಡುಗಿ ಗೆದ್ದಳು. ಅಕಸ್ಮಾತ್ ಸೋತಿದ್ದರೆ?”

“ಮರುವಾರವೇ ಸೋತಳು ತಾಯಿ. ಈ ಸಲ ಅವಳು ಮೇಷ್ಟ್ರ ಕೈ ನೋಡಲಿಲ್ಲ, ಜೊತೆಗೆ ನುಡಿಸುತ್ತಿದ್ದವರ ಮುಖ ನೋಡಿದಳು. ಅವರು ಅವಳನ್ನು ದಾಟಿಸಿಕೊಂಡು ಬಂದರು.”

ಮುಂದಿನ ಸಭೆಯಲ್ಲಿ ನೀಲಾಂಬಿಕೆ ಮಗುವಿನ ಹಿಂದೆ ನಿಲ್ಲದೆ ಕೇಳುವವರ ನಡುವೆ ಹೋಗಿ ಕೂತಳು.