ಎಡಕ್ಕೆ ಸುತ್ತಿದ ಸೋಮಿ

ಮಳೆಗೆ ಇನ್ನೂ ನೆಟ್ಟಗೆ ಬೀಳಲು ಬರುತ್ತಿರಲಿಲ್ಲ, ಹಳ್ಳಗಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ. ಆ ಕಾಲದ ಮಾತು.

ಆಗ ಬಸವನಹುಳುಗಳೆಲ್ಲ ಒಂದೇ ಕುಲ. ಎಲ್ಲರ ಚಿಪ್ಪೂ ಬಲಕ್ಕೆ ಸುತ್ತಿಕೊಂಡಿತ್ತು. ಎದುರು ಸಿಕ್ಕರೆ ಬಲಗೆನ್ನೆಗೆ ಬಲಗೆನ್ನೆ ತಾಗಿಸಿ, "ಚೆನ್ನಾಗಿದ್ದೀಯಾ?" ಅನ್ನುವುದು ಅವರ ಪದ್ಧತಿ. ಜೋಡಿಯಾಗುವುದಕ್ಕೂ ಹಾಗೇ ಕೆನ್ನೆ ಕೂಡಬೇಕು, ಆಗಲೇ ಮಕ್ಕಳು.

ಸೋಮಿಯ ಚಿಪ್ಪು ಮಾತ್ರ ಎಡಕ್ಕೆ ಸುತ್ತಿತ್ತು. ಯಾಕೆ ಅಂತ ಅವಳಮ್ಮನಿಗೂ ಗೊತ್ತಿರಲಿಲ್ಲ. ಕೆನ್ನೆ ಕೊಡಲು ಹೋದರೆ ಚಿಪ್ಪಿಗೆ ಚಿಪ್ಪು ಟಕ್ ಅಂತ ಬಡಿಯುತ್ತಿತ್ತು.

"ಏ ಎಡಚಿ, ಆಚೆ ಸರಿ! ನನ್ನ ಚಿಪ್ಪು ಒಡೆದೀತು!" ಅಂತ ಎದುರು ಸಿಕ್ಕವರು ಗದರುತ್ತಿದ್ದರು.

ಅಕ್ಕ ಕೆಂಚಿ ಒಬ್ಬಳೇ ಮೈ ತಿರುಚಿ, ಕತ್ತು ನೋಯಿಸಿಕೊಂಡು, ಹೇಗೋ ಕೆನ್ನೆಯ ತುದಿ ತಾಗಿಸುತ್ತಿದ್ದಳು. "ಬಂದೆ ತಡಿ, ಬಂದೆ ತಡಿ," ಅನ್ನುತ್ತಿದ್ದಳು. ಸೋಮಿ ಕಾಯುತ್ತಿದ್ದಳು.

ಒಂದು ದಿನ ಹಾವು ಬಂತು. ಬಲಸುತ್ತಿನ ಚಿಪ್ಪಿಗೆಂದೇ ಹೇಳಿ ಮಾಡಿಸಿದಂಥ ಬಾಯಿ ಅದರದು. ಒಬ್ಬರನ್ನು ನುಂಗಿತು. ಇನ್ನೊಬ್ಬರನ್ನು ನುಂಗಿತು. ಸೋಮಿಯನ್ನು ಕಚ್ಚಿದರೆ ಮಾತ್ರ ಹಲ್ಲು ಜಾರಿತು.

"ಥೂ, ಇದು ಯಾವ ಕಡೆಯ ಹುಳುವೋ!" ಅಂತ ಬೈದುಕೊಂಡು ಹೋಯಿತು.

ಉಳಿದವರು ಹಳ್ಳಕ್ಕೆ ಅಡ್ಡ ಬಿದ್ದಿದ್ದ ಕೊಂಬೆ ಹತ್ತಿ ಆಚೆ ದಡಕ್ಕೆ ಹೊರಟರು.

"ನೀನೂ ಬಾರೇ," ಅಂದಳು ಕೆಂಚಿ.

"ಅಲ್ಲಿ ನನಗೆ ಕೆನ್ನೆ ಕೊಡುವವರು ಯಾರಕ್ಕ? ಇಲ್ಲಿ ಹಾವಾದರೂ ನನ್ನ ಪಾಡಿಗೆ ನನ್ನ ಬಿಡುತ್ತೆ."

ಕೆಂಚಿ ತಿರುತಿರುಗಿ ನೋಡುತ್ತಾ ಹೋದಳು. ಅದೇ ಸಂಜೆ ಮಳೆ ಬಂದು ಕೊಂಬೆ ತೇಲಿಹೋಯಿತು.

ಸೋಮಿ ಒಂದು ಮಳೆಗಾಲ ಒಬ್ಬಳೇ ಇದ್ದಳು. ಇನ್ನೊಂದು ಮಳೆಗಾಲವೂ ಒಬ್ಬಳೇ. ಕಲ್ಲಿಗೆ ಕೆನ್ನೆ ಕೊಟ್ಟಳು. ಎಲೆಗೆ ಕೊಟ್ಟಳು.

"ಅಕ್ಕ ಹೇಗಿದ್ದಾಳೆ?" ಅಂತ ಹಳ್ಳವನ್ನು ಕೇಳಿದಳು.

"ನಾನು ನಿಲ್ಲೋದೇ ಇಲ್ಲವಲ್ಲ ತಾಯಿ, ನೋಡೋದು ಹೇಗೆ?" ಅಂತ ಹಳ್ಳ ಹರಿದುಹೋಯಿತು.

ಮೂರನೆಯ ಮಳೆಗೆ ಬಂಡೆಯ ಸಂದಿಯಿಂದ, ಅದುವರೆಗೂ ಯಾರ ಕಣ್ಣಿಗೂ ಬೀಳದಿದ್ದ ಒಬ್ಬ ಬಂದ. ಅವನ ಚಿಪ್ಪಿನ ಮೇಲೂ ಹಾವಿನ ಹಲ್ಲು ಜಾರಿದ ಗೀರು. ಸೋಮಿ ಹಳೇ ಅಭ್ಯಾಸಕ್ಕೆ ಹಿಂದೆ ಸರಿದಳು. ಅವನೇ ಕೆನ್ನೆ ಚಾಚಿದ. ಟಕ್ ಅನ್ನಲಿಲ್ಲ. ಎಡಗೆನ್ನೆಗೆ ಎಡಗೆನ್ನೆ ಮೆತ್ತಗೆ ಕೂತಿತು.

ಅವರ ಮಕ್ಕಳು ಎಡಕ್ಕೇ ಸುತ್ತಿದರು. ಮೊಮ್ಮಕ್ಕಳೂ ಎಡಕ್ಕೇ. ಹಾವು ಹಸಿದು ಹಸಿದು ಆ ದಡವನ್ನೇ ಬಿಟ್ಟಿತು.

ಒಂದು ವರ್ಷ ಮಳೆ ಕಡಿಮೆಯಾಗಿ ಹಳ್ಳ ಬತ್ತಿತು. ಆಚೆ ದಡದಿಂದ ಬಲಸುತ್ತಿನವರು ಬಂದರು. ಮುದುಕಿ ಸೋಮಿ ಕೊಂಬು ಚಾಚಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೆಂಚಿ ಇರಲಿಲ್ಲ.

"ನಮ್ಮಕ್ಕನ ಮಕ್ಕಳು ಕಣ್ರೋ, ಮಾತಾಡಿಸಿ!"

ಮೊಮ್ಮಕ್ಕಳು ಕೆನ್ನೆ ಚಾಚಿದರು. ಟಕ್!

"ಅಜ್ಜಿ, ಇವರು ಬೇರೆ ಜನ," ಅಂದರು ಮೊಮ್ಮಕ್ಕಳು. "ಯಾರೋ ಬೇರೆಯವರು," ಅಂದರು ಆಚೆ ದಡದವರು. ಮೈ ತಿರುಚಿ, "ಬಂದೆ ತಡಿ," ಅನ್ನುವವರು ಎರಡೂ ಕಡೆ ಯಾರೂ ಇರಲಿಲ್ಲ.

"ಹೋಗಲಿ," ಅಂದಳು ಸೋಮಿ. "ಎದುರು ಸಿಕ್ಕಾಗ ಒಂದು ಗಳಿಗೆ ನಿಲ್ಲಿ. ಅಷ್ಟು ಸಾಕು."

ಅದಕ್ಕೇ ನೋಡು, ಮಳೆ ಬಿಟ್ಟ ಮೇಲೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಎಡಸುತ್ತಿನ ಹುಳುವೊಂದು, ಬಲಸುತ್ತಿನ ಹುಳುವೊಂದು ಎದುರಾದರೆ, ಕೊಂಬು ಚಾಚಿ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಕೆನ್ನೆ ತಾಗಿಸದೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ.