ಸಕ್ಕರೆ ತೊಟ್ಟ ಅತಿಥಿ

“ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೇಮಾಂಬೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ಅವಳನ್ನೇ ಕೇಳಿದರೂ ಸರಿ. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುತ್ತದೆ!”

ಡಂಗುರ ಕೇಳಿ ಇಬ್ಬರು ಅರಸುಮಕ್ಕಳು ಮೀಸೆ ತಿರುವುತ್ತ ಬಂದರು. ಮೊದಲ ಒಗಟಿಗೇ ಒಬ್ಬ ‘ಕೋಟೆ’ ಎಂದ, ಇನ್ನೊಬ್ಬ ‘ಅಣೆಕಟ್ಟು’ ಎಂದ. ಮೀಸೆ ಸಮೇತ ಸೆರೆಮನೆ ಸೇರಿದರು. ಆಮೇಲೆ ಬಂದವನು ದನದ ಸಂತೆಯ ದಲ್ಲಾಳಿ ಕರಿಬಸ. ಆಸೆ ದೊಡ್ಡದಿತ್ತು, ಎದೆ ಮಾತ್ರ ಡವಡವ.

“ನೀರಿಗೂ ನೀರಿಗೂ ನಡುವೆ ಗೋಡೆ. ಇಟ್ಟಿಗೆಯಿಲ್ಲ, ಗಾರೆಯಿಲ್ಲ, ಸೀಳಿದರೆ ತಾನೇ ಕೂಡಿಕೊಳ್ಳುತ್ತದೆ. ಏನದು?” ಹೇಮಾಂಬೆ ಕೇಳಿದಳು.

“ಎಣ್ಣೆ, ಅಮ್ಮಣ್ಣಿ. ಸಾರಿನ ಮೇಲೆ ನೋಡಿದೀನಿ.”

“ಸರಿ. ಮೈಯ ಒಂದೊಂದು ಜೀವಕೋಶಕ್ಕೂ ಅಂಥದೇ ಗೋಡೆ. ಅದರ ಬಾಗಿಲ ಕಾವಲುಗಾರನಿಗೆ ಕಣ್ಣಿಲ್ಲ, ಕಿವಿಯಿಲ್ಲ. ಬಂದವರನ್ನು ಹೇಗೆ ಗುರುತಿಸುತ್ತಾನೆ?”

“ಮುಟ್ಟಿ. ಸಂತೇಲಿ ನಾವು ಹೆಗಲ ವಲ್ಲಿ ಬಟ್ಟೆ ಅಡಿ ಒಬ್ಬರ ಬೆರಳೊಬ್ಬರು ಹಿಡಿದೇ ಬೆಲೆ ತಿಳ್ಕೊಳ್ತೀವಲ್ಲ, ಹಂಗೆ.”

“ಸರಿ. ಆ ಕಾವಲುಗಾರ ಪ್ರೋಟೀನು, ಅವನು ತಡವಿ ನೋಡುವುದು ಸಕ್ಕರೆಯನ್ನು.” ಅವಳ ದನಿ ಇಳಿಯಿತು. “ಎಣ್ಣೆಯ ಪುಟ್ಟ ಗುಳ್ಳೆ ಮಾಡಿ, ಔಷಧಿ ತುಂಬಿ, ಮೈತುಂಬ ಅದೇ ಸಕ್ಕರೆ ತೊಡಿಸಿ ಕಳಿಸಿದೆ. ಅವನು ಹಿಡಿಯಲೇ ಇಲ್ಲ. ಯಾಕೆ?”

ಕರಿಬಸ ಬೆವೆತುಹೋದ. ತನ್ನ ಬೆರಳು ಮಡಿಚಿ ಬಿಡಿಸಿ ನೋಡಿಕೊಂಡು ಕೇಳಿದ: “ಸಕ್ಕರೆ ಗುಳ್ಳೆ ಮೈಗೇ ಅಂಟ್ಕೊಂಡಿದೆಯಾ?”

“ಹೌದು.”

“ಒಂದ್ಸಲ ಒಬ್ಬರು ಬೆರಳೆಲ್ಲ ಅಂಗಿ ತೋಳೊಳಗೇ ಇಟ್ಕೊಂಡು ಕೈ ಕೊಟ್ರು. ನಾನು ಬಟ್ಟೆ ಹಿಂಡಿದ್ದೇ ಬಂತು, ವ್ಯಾಪಾರ ಕುದುರಲಿಲ್ಲ. ಹೂವಿಗಿದ್ದಂಗೆ ಸಕ್ಕರೆಗೊಂದು ಉದ್ದ ತೊಟ್ಟು ಕೊಡಿ, ಹೊರಗೆ ಚಾಚಲಿ. ಗುಂಪಾಗಿ ನಿಲ್ಲಿಸಿ. ಒಂದು ಬೆರಳು ಜಾರುತ್ತೆ, ಐದೂ ಸೇರಿದ್ರೆ ಹಿಡಿತ ಬಿಗಿ. ಉತ್ತರ ಸರಿಯಾ?”

“ಗೊತ್ತಿಲ್ಲ,” ಎಂದಳು. “ನನಗೇ ಉತ್ತರ ತಿಳಿಯದೆ ಕೇಳಿದ ಒಗಟು ಅದು. ಅಪ್ಪಾಜಿ ಹಾಸಿಗೆ ಹಿಡಿದಿದ್ದಾರೆ. ಹೆದರಿಸಿದರಾದರೂ ಯಾರಾದರೂ ಹೇಳಿಯಾರು ಅಂದುಕೊಂಡೆ.”

ಹೊಸ ಗುಳ್ಳೆ ಸಿದ್ಧವಾಗುವವರೆಗೆ ಕರಿಬಸನೂ ಸೆರೆಯಲ್ಲೇ ಕೂತ. ಅರಸುಮಕ್ಕಳ ಮೀಸೆ ಇಳಿದಿತ್ತು. ಒಬ್ಬ ಅಮ್ಮನನ್ನು ನೆನೆದು ಅಳುತ್ತಿದ್ದ. ಕರಿಬಸ ತನ್ನ ಪಾಲಿನ ರೊಟ್ಟಿಯನ್ನು ಅವನತ್ತ ಸರಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ಹೇಮಾಂಬೆ ಓಡಿಬಂದಳು. “ಕಾವಲುಗಾರ ಗುಳ್ಳೆ ಹಿಡಿದುಕೊಂಡ! ಅಪ್ಪಾಜಿ ಎದ್ದು ಗಂಜಿ ಕುಡಿದರು! ಏನು ಬೇಕು ಕೇಳು.”

“ಈ ಇಬ್ಬರ ತಲೆ.”

ಅವಳು ಬೆಚ್ಚಿದಳು.

“ಅವರವರ ಕತ್ತಿನ ಮೇಲೇ ಇರ್ಲಿ. ನಿಮಗೇ ಗೊತ್ತಿಲ್ಲದ ಉತ್ತರ ಹುಡುಕೋಕೆ ಬೇರೆಯವರ ತಲೆ ಒತ್ತೆ ಇಡೋದು ಯಾವ ನ್ಯಾಯ, ಅಮ್ಮಣ್ಣಿ?”

ಅವಳ ಮುಖ ಕೆಂಪೇರಿತು. ಕಾವಲಿನವನ ಕೈಯಿಂದ ಬೀಗದಕೈ ಕಿತ್ತು, ಬಾಗಿಲನ್ನು ತಾನೇ ತೆಗೆದಳು. ಇಬ್ಬರಿಗೂ ಕೈಮುಗಿದು ತಪ್ಪಾಯಿತು ಎಂದಳು.

ಮದುವೆ? ಆಯಿತು. ಕರಿಬಸನನ್ನು ಕೇಳಿದವಳು ಮಾತ್ರ ಅವಳೇ, ತಲೆಯ ಷರತ್ತಿಲ್ಲದೆ.