ಜೇನು ಬಿಟ್ಟ ಕರಡಿ

ಸಕ್ಕರೆ ಕಾಯಿಲೆ ಬಂದ ಮೇಲೆ ಕರಿಯಣ್ಣನೆಂಬ ಕರಡಿ ಜೇನು ಮುಟ್ಟುವುದನ್ನೇ ಬಿಟ್ಟ. ಬಿಟ್ಟೆನೆಂದು ಕಾಡಿಗೆಲ್ಲ ಹೇಳಿಕೊಂಡ. ಆದರೆ ಮನಸ್ಸಿಗೆ ಬಂದಷ್ಟು ಉಪ್ಪುಮಣ್ಣು ನೆಕ್ಕಿ, ಹಗಲಿಡೀ ಗುಹೆಯಲ್ಲಿ ಬಿದ್ದುಕೊಂಡಿರುತ್ತಿದ್ದ. ಅವನ ಏದುಸಿರು ಕೇಳಿ ದಿಗಿಲುಬಿದ್ದ ಹೆಂಡತಿ ಮಾದಕ್ಕ ಮರಕುಟಿಗ ವೈದ್ಯನನ್ನು ಕರೆತಂದಳು.

ವೈದ್ಯ ಎದೆಗೆ ಕಿವಿಯಿಟ್ಟು ಹೇಳಿದ: "ಜೇನು ಬಿಟ್ಟಿದ್ದು ಒಳ್ಳೆಯದೇ, ಯಜಮಾನರೇ. ಆದರೆ ಈ ಕಾಯಿಲೆ ಹೃದಯವನ್ನೂ ಕೆಡಿಸುತ್ತದೆ. ರಕ್ತದ ಒತ್ತಡ ಏರಿದೆ. ಉಪ್ಪು ಕಡಿಮೆ ಮಾಡಿ, ದಿನಾ ಹೊಳೆಯವರೆಗೆ ನಡೆಯಿರಿ, ನಾನು ಕೊಡುವ ಮದ್ದು ತಪ್ಪಿಸಬೇಡಿ."

"ಜೇನನ್ನೇ ಬಿಟ್ಟವನು ನಾನು. ಇನ್ನೇನು ಬಿಡಬೇಕು? ಎದೆ ನೋಯುತ್ತಿಲ್ಲವಲ್ಲ!"

"ಸಕ್ಕರೆ ಕಾಯಿಲೆಯವರಿಗೆ ಹೃದಯ ಕೆಡುವಾಗ ನೋವು ಗೊತ್ತಾಗದೆಯೂ ಇರಬಹುದು."

ಅಷ್ಟರಲ್ಲಿ ಕರಿಯಣ್ಣ ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದ್ದ. ಮಾದಕ್ಕನೂ ಒತ್ತಾಯ ಮಾಡಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಮೈಯೆಲ್ಲ ಬೆವರಿತು. "ನೋವೇನಿಲ್ಲ ಕಣೇ, ಸ್ವಲ್ಪ ಉಸಿರು ಕಟ್ಟುತ್ತಿದೆ ಅಷ್ಟೇ. ಗಾಬರಿಯಾಗಬೇಡ" ಎಂದ. ಮಾದಕ್ಕ ಓಡಿಹೋಗಿ ವೈದ್ಯನನ್ನು ಕರೆತರುವಷ್ಟರಲ್ಲಿ ಉಸಿರು ನಿಂತಿತ್ತು.

ಮರಕುಟಿಗ ತಲೆ ತಗ್ಗಿಸಿ ಕೂತ. ಮಾದಕ್ಕ ತಣ್ಣಗಾಗುತ್ತಿದ್ದ ಗಂಡನ ಮೈಯನ್ನು ಬಹಳ ಹೊತ್ತು ಸವರಿದಳು. ಅವಳಿಗೂ ಅದೇ ಕಾಯಿಲೆಯಿತ್ತು. ಅವಳೂ ಸಿಹಿ ಬಿಟ್ಟು, ಅಷ್ಟೇ ಸಾಕೆಂದು ನೆಮ್ಮದಿಯಾಗಿದ್ದಳು. ಕೊನೆಗೆ ಕಣ್ಣೊರೆಸಿಕೊಂಡು, "ವೈದ್ಯರೇ, ನನ್ನ ಎದೆಯನ್ನೂ ಒಂದು ಸಲ ಕೇಳಿಬಿಡಿ" ಎಂದಳು.